ಆರೂವರೆಯ ಹೂಂ

"ಹೂಂ ಅನ್ನಪ್ಪಾ, ಎತ್ತಿಬಿಡ್ತೀನಿ," ಎಂದಳು ಆಯಾ. ಎತ್ತುವ ಯಂತ್ರದ ಜೋಲಿಯನ್ನು ಆಗಲೇ ಗಾಲಿಕುರ್ಚಿಯಲ್ಲಿ ಕೂತಿದ್ದ ಅವನ ಕೆಳಗೆ ತೂರಿಸಿ ಕೊಂಡಿ ಹಾಕಿದ್ದಳು. ಗಂಟೆ ಆರೂವರೆ, ಕಿಟಕಿಯಲ್ಲಿನ್ನೂ ಬಿಸಿಲು. ಕೈಕಾಲು ಆಡದ ನಾಲ್ವರಿದ್ದ ಆ ಆರೈಕೆ ಮನೆಯಲ್ಲಿ, ಅವಳ ಪಾಳಿ ಮುಗಿಯುವುದರೊಳಗೆ ಎಲ್ಲರೂ ಹಾಸಿಗೆ ಸೇರಬೇಕು. ಒಪ್ಪಿಗೆಯಿಲ್ಲದೆ ಯಾರನ್ನೂ ಎತ್ತಕೂಡದೆಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಮೂರು ವರ್ಷದಿಂದ ಅವನು ದಿನವೂ ಹೂಂ ಅಂದಿದ್ದ.

"ಊಹೂಂ."

ಯಂತ್ರದ ಗುಂಡಿಯ ಮೇಲೆ ಅವಳ ಹೆಬ್ಬೆರಳು ನಿಂತಿತು. "ತಮಾಷೆ ಸಾಕಪ್ಪಾ, ನನ್ನ ಬಸ್ಸು ತಪ್ಪುತ್ತೆ."

"ಕೋಳಿಗಳೂ ಇಷ್ಟು ಬೇಗ ಗೂಡು ಸೇರಲ್ಲ ಅಕ್ಕಾ. ಕತ್ತಲಾಗೋದನ್ನ ಕೂತು ನೋಡ್ಬೇಕು."

ಅವಳು ಗೋಡೆ ನೋಡಿದಳು, ಗಡಿಯಾರ ನೋಡಿದಳು. ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಆಮೇಲೆ ಚಪ್ಪಲಿ ಕಳಚಿ, ಅವನಿಗೆಂದು ಹಾಸಿದ್ದ ಹಾಸಿಗೆಯಲ್ಲಿ ತಾನೇ ಕಾಲು ಚಾಚಿದಳು.

"ಕತ್ತಲಾದ್ಮೇಲೆ ಎಬ್ಬಿಸಪ್ಪಾ," ಎಂದಳು.