ಗೋಡೆಗೆ ತಟ್ಟಿದ ಬದನೆ ಬೀಜ

ಬದನೆಕಾಯಿ ಕೈಗೆತ್ತಿಕೊಂಡರೆ ಈಗಲೂ ನನ್ನ ಹೆಬ್ಬೆರಳು ಮೆತ್ತನೆಯ ಜಾಗ ಹುಡುಕುತ್ತದೆ.

ಅವ್ವ ತೀರಿಕೊಂಡ ವರ್ಷ, ಕಿಕ್ಕೇರಿ ಹತ್ತಿರದ ನಮ್ಮ ಹೊಲದಲ್ಲಿ ಅಪ್ಪ ಅವಳು ಎತ್ತಿಟ್ಟಿದ್ದ ಬದನೆ ಬೀಜವನ್ನೇ ಹಾಕಿದ್ದ. ಅದು ಅವಳ ತವರಿನ ತಳಿ. ಪ್ರತಿವರ್ಷ ಬೀಜವನ್ನು ಸಗಣಿಯಲ್ಲಿ ಕಲಸಿ ಅಡುಗೆಮನೆ ಗೋಡೆಗೆ ತಟ್ಟಿಡುತ್ತಿದ್ದಳು.

ಒಂದು ಮಧ್ಯಾಹ್ನ ಕಾಯಿ ಕೀಳಲು ಹೋದರೆ ಎಲ್ಲದರ ಮೇಲೂ ಗುಳಿಬಿದ್ದ ಕಂದು ಮಚ್ಚೆ, ಅದರೊಳಗೆ ಉಂಗುರ ಉಂಗುರವಾಗಿ ಕಪ್ಪು ಚುಕ್ಕಿ. ಒತ್ತಿದರೆ ಬೆರಳು ಒಳಗಿಳಿಯಿತು.

"ಓದ್ ವರ್ಸನೂ ಒಂದೆರಡು ಕಾಯಿ ಇಂಗೇ ಕೊಳ್ತೋಗಿದ್ವು. ಬೀಜದಲ್ಲೇ ರೋಗ ಅದೆ ಕಣ್ಲಾ," ಎಂದು ಅಜ್ಜಿ ಅಪ್ಪನಿಗೆ ಹೇಳಿದಳು. "ಗಿಡನೆಲ್ಲ ಕಿತ್ತು ಸುಟ್ಬುಡು. ಗೋಡೆ ಮೇಲೆ ಉಳ್ದಿರೋ ಬೀಜನೂ ಮಡಿಕಬ್ಯಾಡ."

ಅಪ್ಪ ಗಿಡ ಕಿತ್ತು ಬೆಂಕಿಗೆ ಹಾಕಿದ. ಆಮೇಲೆ ಕುಡುಗೋಲು ಹಿಡಿದು ಅಡುಗೆಮನೆಗೆ ಬಂದು, ಒಣಗಿದ ಸಗಣಿ ಬಿಲ್ಲೆಗಳನ್ನು ಕೆತ್ತಿ ಮಂಕರಿಗೆ ಹಾಕತೊಡಗಿದ. ಕೊನೆಯದರ ಮುಂದೆ ಅವನ ಕೈ ನಿಂತಿತು. ಅದರಲ್ಲಿ ಅವ್ವನ ಬೆರಳುಗಳ ಗುರುತು ಹಾಗೇ ಇತ್ತು.

"ಅದೊಂದು ಇರ್ಲಿ ಬುಡಪ್ಪ," ಎಂದೆ.

ಅಪ್ಪ ಆ ಗುರುತಿನಲ್ಲಿ ತನ್ನ ಬೆರಳಿಟ್ಟ. "ಅದ್ರಲ್ಲೂ ರೋಗ ಅದೆ ಕಣವ್ವ," ಎಂದು ಅದನ್ನೂ ಕೆತ್ತಿದ. ಗೋಡೆಯಲ್ಲಿ ದುಂಡಗಿನ ಕಲೆ ಉಳಿಯಿತು.

ಮುಂದಿನ ಹಬ್ಬಕ್ಕೆ ಮನೆಗೆಲ್ಲ ಸುಣ್ಣ ಬಳಿದ ಅಪ್ಪ, ಆ ಕಲೆಯನ್ನು ಮಾತ್ರ ಬಳಿಯದೆ ಬಿಟ್ಟ.