ಐವತ್ತೇಳನೆಯ ಉಲ್ಲೇಖ

"ನಾ ಇದಕ್ಕ ಹೆಬ್ಬೆಟ್ಟು ಒತ್ತಾಂಗಿಲ್ಲರೀ ಮೇಡಮ್ಮಾರೆ," ಎಂದು ಹೊನ್ನೂರಮ್ಮ ಕಾಗದ ವಾಪಸು ಕೊಟ್ಟಳು.

ತೆಕ್ಕಲಕೋಟೆಯ ಗದ್ದೆಯ ಬದುವಿನ ಮೇಲೆ ನಿಂತಿದ್ದ ಗಂಗೋತ್ರಿ ಅದನ್ನು ಮತ್ತೆ ಆಕೆಯ ಮುಂದೆ ಹಿಡಿದಳು. ಬಳ್ಳಾರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ ಅವಳು. ಭತ್ತದ ಗದ್ದೆಯಲ್ಲಿ ಕೂಲಿ ಹೆಂಗಸರು ಕಳೆಯನ್ನು, ಅವರ ಮಾತಿನ 'ಕಸ'ವನ್ನು, ಗುರುತಿಸುವ ಬಗೆ ಕುರಿತ ಅವಳ ಪ್ರಬಂಧವನ್ನು ಸಂಶೋಧನಾ ಪತ್ರಿಕೆಯೊಂದು ಒಪ್ಪಿಕೊಂಡಿತ್ತು. ಉಳಿದದ್ದು ಕೊನೆಯ ಉಲ್ಲೇಖಗಳ ಪಟ್ಟಿ. ಮೂರು ದಿನ ಕೂತು ಐವತ್ತೆಂಟನ್ನೂ ಪತ್ರಿಕೆ ಹೇಳಿದ ಹಾಗೆ ಜೋಡಿಸಿದ್ದಳು. ಹೆಸರು ಮೊದಲು, ವರ್ಷ ಕಂಸದೊಳಗೆ, ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ. ಒಂದೊಂದು ಅಲ್ಪವಿರಾಮಕ್ಕೂ ಕಣ್ಣು ಕೀಲಿಸಿ ಕೂತಿದ್ದಳು. ಐವತ್ತೇಳನೆಯದು ಮಾತ್ರ ಪುಸ್ತಕವಲ್ಲ, ಆ ಬಗೆಯನ್ನು ಹೇಳಿಕೊಟ್ಟ ಕೂಲಿ ಹೆಂಗಸು ಹೊನ್ನೂರಮ್ಮ. ಆಕೆಯ ಹೆಸರು ಅಚ್ಚಾಗಬೇಕಾದರೆ ಒಪ್ಪಿಗೆ ಪತ್ರ ಇವತ್ತು ಸಂಜೆ ಐದರೊಳಗೆ ಬರಬೇಕು, ಇಲ್ಲವಾದರೆ ಆ ಭಾಗವನ್ನೇ ತೆಗೆಯಿರಿ ಎಂದು ಸಂಪಾದಕರು ಬರೆದಿದ್ದರು. ಆ ಭಾಗ ತೆಗೆದರೆ ಪ್ರಬಂಧದಲ್ಲಿ ಹೊಸದು ಅನ್ನುವುದೇ ಉಳಿಯುತ್ತಿರಲಿಲ್ಲ.

"ಯಾಕಮ್ಮಾ? ನೆಲ್ಲಿನ ಸಸಿಗೆ ಎಲಿ ಬುಡದಾಗ ಸಣ್ಣ ಪೊರಿ ಇರ್ತೈತಿ, ಅದರಂಗ ಕಾಣೋ ಕಸಕ್ಕ ಇರಾಂಗಿಲ್ಲ, ಬೆರಳಿಟ್ರ ತಿಳೀತೈತಿ ಅಂತ ನೀವೇ ಹೇಳಿದ್ರಲ್ಲ?"

"ಹೇಳಿದಾಕಿ ನಾನೇ. ಕಂಡುಹಿಡಿದಾಕಿ ನಾನಲ್ಲ." ಹೊನ್ನೂರಮ್ಮ ಕಾಲುವೆಯಲ್ಲಿ ಕೈಯ ಕೆಸರು ತೊಳೆದುಕೊಂಡಳು. "ಕುರುಗೋಡಾಗ ಚನ್ನಬಸಮ್ಮಕ್ಕ ಅಂತ ಅದಾಳ. ಮೊದಲು ಇಲ್ಲೇ ಇದ್ಲು, ಇಪ್ಪತ್ತು ವರ್ಷ ಒಂದೇ ಗುಂಪಿನಾಗ ಕಸ ತೆಗದೀವಿ. ಆಕಿಗೆ ಕಣ್ಣು ಮಂಜರೀ. ಮೇಸ್ತ್ರಿಗೆ ಗೊತ್ತಾದ್ರ ಕೆಲಸಕ್ಕ ಕರೆಯಾಂಗಿಲ್ಲ ಅಂತ ಯಾರಿಗೂ ಹೇಳಲಿಲ್ಲ. ಬೆರಳಿನಿಂದ ನೋಡಾಕ ತಾನೇ ಕಲ್ತು, ನನಗೂ ಕಲಿಸಿದ್ಲು. ಆಕಿ ಹೆಸರು ಹೇಳಿದ್ರ ಬೆರಳು ಯಾಕ, ಕಣ್ಣಿಲ್ಲೇನು ಅಂತ ನೀವು ಕೇಳ್ತಿದ್ರಿ. ಆಕಿ ಗುಟ್ಟು ಬಯಲಾಗ್ತಿತ್ತು. ಅದಕ್ಕ ನಂದೇ ಅಂದೆ. ಬಾಯಿಮಾತು, ಗಾಳಿಗೆ ಹೋಗ್ತೈತಿ ಅನ್ಕೊಂಡಿದ್ದೆ. ಕಾಗದದ ಮ್ಯಾಲ ಹೆಬ್ಬೆಟ್ಟು ಒತ್ತಿದ್ರ ಆ ಸುಳ್ಳು ಅಲ್ಲೇ ನಿಂತುಬಿಡ್ತೈತಿ."

"ಯಾರಿಗೆ ಗೊತ್ತಾಗ್ತೈತಿ ಬಿಡ್ರಿ..." ಎಂದು ಗಂಗೋತ್ರಿ ಬಾಯಿತಪ್ಪಿ ಅಂದುಬಿಟ್ಟಳು. ಹೊನ್ನೂರಮ್ಮ ಅವಳ ಮುಖವನ್ನೇ ನೋಡಿದಳು. ಮೂರು ದಿನ ಅಲ್ಪವಿರಾಮ ತಿದ್ದುತ್ತ ಕೂತವಳಿಗೆ ಈಗ ತಲೆ ಎತ್ತಲಾಗಲಿಲ್ಲ.

"ಕುರುಗೋಡಿಗೆ ಹೋಗೋಣೇನಮ್ಮಾ?" ಎಂದಳು ಕೊನೆಗೆ. ಹೊನ್ನೂರಮ್ಮ ಗದ್ದೆಗಿಳಿದು ಎರಡು ಸಸಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಹಿಂದೆ ಹೊರಟಳು.

ಎರಡು ಬಸ್ಸು ಹತ್ತಿಳಿದು ಅವರು ಕುರುಗೋಡು ಮುಟ್ಟಿದಾಗ ಮೂರೂವರೆ. ಚನ್ನಬಸಮ್ಮ ಮಗಳ ಮನೆಯ ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದಳು, ಮುಖ ಮೇಲೆತ್ತಲಿಲ್ಲ. "ಲೇ ಹೊನ್ನೂರಿ, ನೀನೇನು? ಜೋಡಿ ಯಾರನ್ನ ಕರ್ಕೊಂಡು ಬಂದಿ?"

ಹೊನ್ನೂರಮ್ಮ ಸಸಿಗಳನ್ನು ಆಕೆಯ ಕೈಗಿಟ್ಟಳು. ಚನ್ನಬಸಮ್ಮನ ಬೆರಳು ಎಲೆಯ ಬುಡಕ್ಕೆ ಒಂದು ಗಳಿಗೆ ತಾಗಿತು, ಅಷ್ಟೆ. "ಇದು ನೆಲ್ಲು, ಇದು ಕಸ. ಯಾಕಲೇ, ಇಷ್ಟು ಕೇಳಾಕ ಅಲ್ಲಿಂದ ಬಂದೇನು?"

ಗಂಗೋತ್ರಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಮುದುಕಿ ಮತ್ತೆ ಮೆಣಸಿನಕಾಯಿಯ ತೊಟ್ಟು ಮುರಿಯತೊಡಗಿದಳು. ಗಂಗೋತ್ರಿ ಗಡಿಯಾರ ನೋಡಿಕೊಳ್ಳಲಿಲ್ಲ. "ನಿಮಗ ಬ್ಯಾಡ ಅನ್ಸಿದ್ರ ಬಿಡ್ತೀನಮ್ಮಾ. ಆ ಭಾಗ ತೆಗೀತೀನಿ," ಎಂದಳು. ಹಾಗೆ ಅನ್ನುವಾಗ ನಿಜವಾಗಿಯೂ ತೆಗೆಯುವುದೆಂದೇ ಅವಳ ಮನಸ್ಸಿನಲ್ಲಿತ್ತು.

"ಆ ಮೇಸ್ತ್ರಿ ಸತ್ತು ಐದು ವರ್ಷ ಆತು," ಎಂದಳು ಚನ್ನಬಸಮ್ಮ. "ಈಗ ಬಾಳ ಮಂದಿ ಕಸ ಸಾಯೋ ಎಣ್ಣಿ ಹೊಡೀತಾರ. ಕಸ ತೆಗೆಯಾಕ ಕರೆಯೋರೆಲ್ಲಿ ಅದಾರ? ಇನ್ನ ಯಾರಿಗೆ ಅಂಜಲಿ? ತಾ ಆ ಕಾಗದ ಇಲ್ಲೆ." ಹೆಬ್ಬೆರಳನ್ನು ತಾನೇ ಮುಂದೆ ಚಾಚಿದಳು. ಗಂಗೋತ್ರಿ ಪತ್ರದಲ್ಲಿ ಹೊನ್ನೂರಮ್ಮನ ಹೆಸರು ಹೊಡೆದು, ಚನ್ನಬಸಮ್ಮನದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡಳು.

ಆಕೆ ಆ ಉಪಾಯ ಹೊಳೆದ ಬಗೆಯನ್ನು ಹೇಳುತ್ತ ಹೋದಳು, ಗಂಗೋತ್ರಿ ಬರೆದುಕೊಂಡಳು. ಆಮೇಲೆ ಫೋನಿನಲ್ಲೇ ಪಟ್ಟಿ ತೆರೆದು, ಕೊನೆಯ ಹತ್ತಿರವಿದ್ದ 'ಹ' ಸಾಲನ್ನು ಅಳಿಸಿ, ಅಕ್ಷರಕ್ರಮದಲ್ಲಿ 'ಚ' ಬರುವ ಜಾಗದಲ್ಲಿ ಹೊಸ ಸಾಲು ಸೇರಿಸಿದಳು. ಹೊನ್ನೂರಮ್ಮನ ಹೆಸರು ಕೃತಜ್ಞತೆಯ ಸಾಲಿಗೆ ಹೋಯಿತು. ಒಪ್ಪಿಗೆ ಪತ್ರದ ಫೋಟೊ ಸೇರಿಸಿ ನಾಲ್ಕು ಐವತ್ತಕ್ಕೆ ಎಲ್ಲವನ್ನೂ ಕಳಿಸಿದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಸ್ವೀಕರಿಸಿದ್ದೇವೆ. ಅಚ್ಚಿಗೆ ಮುಂಚೆ ಕರಡು ಕಳಿಸುತ್ತೇವೆ, ಸಣ್ಣಪುಟ್ಟ ತಿದ್ದುಪಡಿ ಆಗ ಮಾಡಬಹುದು." ಗಂಗೋತ್ರಿ ಗೋಡೆಗೆ ಒರಗಿ ಜೋರಾಗಿ ನಕ್ಕುಬಿಟ್ಟಳು. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು.

"ನೀವು ಬಂದು ಹೋದಾಗಿಂದ ಈ ಮಾತು ಗಂಟಲಾಗ ಸಿಕ್ಕೊಂಡಿತ್ತು," ಎನ್ನುತ್ತ ಹೊನ್ನೂರಮ್ಮ ಕಟ್ಟೆಯ ಮೇಲೆ ಕಾಲು ನೀಡಿ ಕೂತಳು.

ಚನ್ನಬಸಮ್ಮ ಬಳಿಗೆ ಸರಿದಳು. "ನನ್ನ ಬಗ್ಗೆ ಏನು ಬರ್ದಿ, ಓದವ್ವಾ."

"ಚನ್ನಬಸಮ್ಮ, ಕಂಸದಾಗ ಈ ವರ್ಷ, ವೈಯಕ್ತಿಕ ಸಂದರ್ಶನ, ಕುರುಗೋಡು."

"ಕಣ್ಣಿನ ಮಾತು?"

"ಎಲ್ಲೂ ಹಾಕಿಲ್ಲಮ್ಮಾ. ಅಂಜಬ್ಯಾಡ್ರಿ."

"ಹಾಕವ್ವಾ," ಎಂದಳು ಚನ್ನಬಸಮ್ಮ. "ಕಣ್ಣು ಚೊಲೊ ಇದ್ದಿದ್ರ ನಾನೂ ಎಲ್ಲಾರಂಗ ಬರೇ ನೋಡಿ ಕಿತ್ತು ಒಗೀತಿದ್ದೆ."