ಮೂರನೇ ಪುಟ

ನೀಲಾಂಬಿಕೆಗೆ ಸಂಬಳವಿರಲಿಲ್ಲ. ಹತ್ತೊಂಬತ್ತು ವರ್ಷ ಊರೂರು ತಿರುಗಿ ವಾಹನಗಳಿಗೆ ವಿಮೆ ಮಾಡಿಸಿದ ಏಜೆಂಟ್‌ಗೆ ಇದ್ದದ್ದು ನಾಲ್ಕು ಪುಟದ ಕಮಿಷನ್ ಕರಾರು ಮಾತ್ರ. ಅದಕ್ಕೆ ಸಹಿ ಹಾಕಿದ್ದ ಮಾಲೀಕರು ಕಳೆದ ತಿಂಗಳು ಏಜೆನ್ಸಿಯನ್ನೇ ಮಾರಿಬಿಟ್ಟರು.

ಹೊಸ ಮಾಲೀಕ ಕರಾರನ್ನು ಬೆರಳ ತುದಿಯಿಂದ ಅವಳತ್ತ ದೂಡಿದ.

“ಇದು ನೀವು ಅವರ ಜೋಡಿ ಮಾಡ್ಕೊಂಡಿದ್ದು, ಅಕ್ಕಾರ. ನನ್ನ ಜೋಡಿ ಅಲ್ಲ. ಇನ್ನ ಕಮಿಷನ್ ಬರಂಗಿಲ್ಲ.”

“ಗಿರಾಕಿಗಳು ನಾ ತಂದವರು.”

“ಇರಬಹುದು. ಕುರ್ಚಿ, ಮೇಜಿನ ಜೋಡಿ ಅವರನ್ನೂ ನಾ ಕೊಂಡೀನಿ.”

“ಟ್ರ್ಯಾಕ್ಟರ್ ಪಲ್ಟಿ ಆದಾಗ ಅವರ ಜೋಡಿ ಪೊಲೀಸ್ ಠಾಣೆ ಬಾಗಿಲು ಕಾದಾಕಿ ನಾನು. ಕುರ್ಚಿ ಕಾದಿಲ್ಲ.”

“ಸಿಟ್ಟು ಯಾಕ್ರೀ?”

“ಹಂಗಾರ ಈ ಕರಾರಿನ್ಯಾಗ ಒಂದು ಮಾತೂ ನಡೆಯಂಗಿಲ್ಲ?”

“ಒಂದೂ ಇಲ್ಲ. ಮಿರ್ಚಿ ಭಜಿ ಕಟ್ಟಾಕ ಇಟ್ಕೋರಿ.”

“ಬಾಯಿಮಾತು ಬ್ಯಾಡ. ಬರದು ಕೊಡ್ರಿ.”

ಪೀಡೆ ತೊಲಗಿತೆಂದು ಅವನು ಖುಷಿಯಿಂದಲೇ ಬರೆದ. ಕರಾರು ಪೂರ್ತಿ ರದ್ದು, ಎರಡೂ ಕಡೆಯವರಿಗೆ ಯಾವ ಬಂಧನವೂ ಇಲ್ಲ ಎಂದು ಸಹಿ ಮಾಡಿ ಸೀಲು ಒತ್ತಿದ.

ಅವಳು ಆ ಕಾಗದವನ್ನು ಬ್ಯಾಗಿನೊಳಗಿಟ್ಟು ಜಿಪ್ಪು ಎಳೆದಳು. ಆಮೇಲೆ ಕರಾರಿನ ಮೂರನೇ ಪುಟ ತೆರೆದು ಅವನತ್ತ ತಿರುಗಿಸಿದಳು. ‘ಏಜೆನ್ಸಿ ಬಿಟ್ಟವರು ಮೂರು ವರ್ಷ ಇಲ್ಲಿಯ ಗಿರಾಕಿಗಳನ್ನು ಬೇರೆ ಕಡೆಗೆ ಕರೆದೊಯ್ಯುವಂತಿಲ್ಲ.’

“ಇದೂ ರದ್ದಾತಲ್ರೀ?”

ಯುಗಾದಿ ಬರುವಷ್ಟರಲ್ಲಿ ಅವನು ಕಳೆದುಕೊಂಡ ಗಿರಾಕಿಗಳು ಮುನ್ನೂರ ಹನ್ನೆರಡು.